‘ಜೇಡರ ಬಲೆ’ಯ ಆ ಟ್ಯೂನು ಎಲ್ಲಿ ಹೋಯಿತು?

ಓದುಗರ ಪ್ರಶ್ನೆ: ನಾನು ನಿವೃತ್ತ ಹೈಸ್ಕೂಲ್ ಮೇಷ್ಟ್ರು, ಅರಸೀಕೆರೆ ಕಡೆಯವನು. 1975ರ ಸುಮಾರಿಗೆ ನಮ್ಮೂರ ಟೆಂಟಿಗೆ ‘ಜೇಡರ ಬಲೆ’ ಬಂದಾಗ ಅಕ್ಕನ ಜೊತೆ ಮೂರು ಸಲ ನೋಡಿದ್ದೆ. ಕಥೆ ಮರೆತಿದೆ, ಸಂಗೀತ ಮರೆತಿಲ್ಲ. ಹೋದ ತಿಂಗಳು ಮೊಮ್ಮಗ ಮೊಬೈಲಿನಲ್ಲಿ ಹಾಕಿಕೊಟ್ಟ. ಸಿನಿಮಾ ಅದೇ, ಸಂಗೀತ ಮಾತ್ರ ಅದಲ್ಲ ಅನ್ನಿಸಿತು. ತೆಳ್ಳಗೆ, ಕೀರಲಾಗಿ, ಯಾರೋ ಅಟ್ಟಿಸಿಕೊಂಡು ಬಂದ ಹಾಗೆ ಓಡುತ್ತದೆ. ಭಜನೆಗೆ ಹಾರ್ಮೋನಿಯಂ ಹಿಡಿಯುವವನು ನಾನು. ಮನೆಯಲ್ಲಿರುವ ಇಪಿ ರೆಕಾರ್ಡಿಗಿಂತ ಮೊಬೈಲಿನಲ್ಲಿ ಅದೇ ಹಾಡಿನ ಶ್ರುತಿ ಅರ್ಧ ಮನೆಗೆ (ಹಾರ್ಮೋನಿಯಂನಲ್ಲಿ ಪಕ್ಕದ ಸ್ವರಕ್ಕೆ) ಹತ್ತಿರ ಮೇಲಿದೆ. ಟೈಟಲ್ ಮ್ಯೂಸಿಕ್ ಶುರುವಿಗೇ ಕತ್ತರಿಸಿದಂತಿದೆ. ರಾಜ್‌ಕುಮಾರ್ ಇಂಗ್ಲಿಷಿನಲ್ಲಿ ಹಾಡುವ ‘ಟಿಕ್ ಟಿಕ್’ ಹಾಡು ಇಲ್ಲವೇ ಇಲ್ಲ. ಮನಸ್ಸಿನಲ್ಲಿ ಉಳಿದ ಒಂದು ಟ್ಯೂನು, ಪ ದ ದ ದ, ನಡುವಿನ ದ ತುಸು ಮೇಲೆ, ಅದೂ ಸಿಗಲಿಲ್ಲ. ಹಳೇ ಚಿತ್ರಗಳ ಟೈಟಲ್ಲಿನಲ್ಲಿ ‘ರೀರೆಕಾರ್ಡಿಂಗ್’ ಎಂದು ಬರುತ್ತಿತ್ತಲ್ಲ, ಹಾಗೆ ಸಂಗೀತವನ್ನು ಮತ್ತೆ ಮಾಡಿಸಿ ಹಾಕಿದ್ದಾರೆಯೇ? 80ರ ದಶಕದಲ್ಲಿ ಈ ಚಿತ್ರ ಮತ್ತೆ ಓಡಿದಾಗ ಭಾವ ಥಿಯೇಟರಿನಲ್ಲಿ ಮಡಿಲ ಮೇಲೆ ಟೇಪ್‌ರೆಕಾರ್ಡರ್ ಇಟ್ಟುಕೊಂಡು ಹಿಡಿದ 90 ನಿಮಿಷದ ಕ್ಯಾಸೆಟ್ಟೂ ಇದೆ. ಅದರಲ್ಲಿ ಸಂಗೀತಕ್ಕಿಂತ ಶಿಳ್ಳೆ, ಕೆಮ್ಮೇ ಜಾಸ್ತಿ. ಎರಡನೇ ಬದಿ ಖಾಲಿ. ಒಂದು ಅಂಗಡಿಯವರು, ‘ಎರಡನ್ನೂ ಬಿಟ್ಟುಹೋಗಿ, ಎಐ ಹಾಕಿ ಒರಿಜಿನಲ್ ಬಿಜಿಎಂ (ಹಿನ್ನೆಲೆ ಸಂಗೀತ) ತೆಗೆದುಕೊಡ್ತೀವಿ, ಶಿಳ್ಳೆ ಎಲ್ಲ ಹೋಗುತ್ತೆ’ ಅನ್ನುತ್ತಿದ್ದಾರೆ. ಮುಂದಿನ ತಿಂಗಳು ಅಕ್ಕನಿಗೆ 70. ಕೊಡಲೇ, ಬೇಡವೇ?

ಉತ್ತರ: ಮೇಷ್ಟ್ರೇ, ಕೊಡಬೇಡಿ. ‘ಬಿಟ್ಟುಹೋಗಿ’ ಅನ್ನುವ ಕಡೆ ಅಂತೂ ಬೇಡ. ಯಾಕೆ ಅನ್ನುವುದಕ್ಕೆ ಸ್ವಲ್ಪ ಸುತ್ತಿ ಬರಬೇಕು.

ನಿಮ್ಮ ಮುಖ್ಯ ಗುಮಾನಿ, ಯಾರೋ ಸಂಗೀತ ಬದಲಾಯಿಸಿದ್ದಾರೆ ಎಂದು. ಹಳೇ ಚಿತ್ರಗಳ ಧ್ವನಿ ಸರಿಪಡಿಸುವ ಕೆಲಸದಲ್ಲಿ ಮೂವತ್ತು ವರ್ಷ ಕಳೆದಿದ್ದೇನೆ. ಈ ಗುಮಾನಿ ತಂದವರಲ್ಲಿ ಹೆಚ್ಚಿನವರ ಕಿವಿ ಸರಿಯಾಗಿಯೇ ಇರುತ್ತದೆ, ಆರೋಪ ಮಾತ್ರ ತಪ್ಪಿರುತ್ತದೆ. ನಿಮ್ಮದೂ ಹಾಗೇ ಕಾಣುತ್ತಿದೆ. ನಾಲ್ಕೈದು ಬೇರೆ ಬೇರೆ ಸಂಗತಿ ಒಟ್ಟಿಗೆ ಗಂಟು ಬಿದ್ದಿವೆ, ಒಂದೊಂದಾಗಿ ಬಿಡಿಸೋಣ.

ಮೊದಲು ಸುಲಭದ್ದು, ‘ಟಿಕ್ ಟಿಕ್’. ಅದನ್ನು ಯಾರೂ ಕತ್ತರಿಸಿಲ್ಲ, ಅದು ಈ ಚಿತ್ರದ್ದೇ ಅಲ್ಲ. ದೊರೈ–ಭಗವಾನ್ ನಿರ್ದೇಶಕರ ಜೋಡಿ ಸಿ.ಐ.ಡಿ. 999 ಎಂಬ ಪತ್ತೇದಾರನ ಪಾತ್ರವನ್ನಿಟ್ಟುಕೊಂಡು ನಾಲ್ಕು ಚಿತ್ರ ಮಾಡಿತು. 1968ರಲ್ಲೇ ಎರಡು, ‘ಜೇಡರ ಬಲೆ’ ಮತ್ತು ‘ಗೋವಾದಲ್ಲಿ ಸಿ.ಐ.ಡಿ. 999’. ಮರುವರ್ಷ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999’, ಮುಂದೆ ಹಿಂದಿಯಲ್ಲಿ ದೊಡ್ಡ ಹೆಸರಾದ ರೇಖಾ ನಾಯಕಿಯಾಗಿ ಕಾಣಿಸಿಕೊಂಡದ್ದು. ನಾಲ್ಕನೆಯದು ಸುಮಾರು ಹತ್ತು ವರ್ಷ ಬಿಟ್ಟು, 1978ರಲ್ಲಿ, ಬಣ್ಣದಲ್ಲಿ: ‘ಆಪರೇಷನ್ ಡೈಮಂಡ್ ರಾಕೆಟ್’. ನೀವು ‘ಟಿಕ್ ಟಿಕ್’ ಅನ್ನುವ ಹಾಡು, ‘ಇಫ್ ಯೂ ಕಮ್ ಟುಡೇ’, ಇರುವುದು ಅದರಲ್ಲಿ. ನೆನಪು ಬೇಡ, ತರ್ಕದಿಂದಲೇ ಇದನ್ನು ಹಿಡಿಯಬಹುದಿತ್ತು. ರಾಜ್‌ಕುಮಾರ್ ಅದಕ್ಕೂ ಮೊದಲು ಒಂದೆರಡು ಕಡೆ ಹಾಡಿದ್ದುಂಟಾದರೂ, ತಮ್ಮ ಪಾತ್ರಗಳಿಗೆ ತಾವೇ ಹಾಡುವ ರೂಢಿ ಶುರುವಾದದ್ದು 1974ರ ‘ಸಂಪತ್ತಿಗೆ ಸವಾಲ್’ ಆದಮೇಲೆ. 1968ರಲ್ಲಿ ಅವರ ಕಂಠ ಎಂದರೆ ಪಿ.ಬಿ. ಶ್ರೀನಿವಾಸ್. ರಾಜ್ ಕಂಠದ ಪಾಶ್ಚಾತ್ಯ ಧಾಟಿಯ ಹಾಡು ‘ಜೇಡರ ಬಲೆ’ಯಲ್ಲಿ ಇರಲು ಸಾಧ್ಯವಿರಲಿಲ್ಲ. ನಾಲ್ಕಕ್ಕೂ ಸಂಗೀತ ಜಿ.ಕೆ. ವೆಂಕಟೇಶ್ ಅವರದೇ ಆದ್ದರಿಂದ ನಿಮ್ಮ ತಲೆಯಲ್ಲಿ ನಾಲ್ಕೂ ಒಂದೇ ರೀಲಾಗಿ ಅಂಟಿಕೊಂಡಿವೆ. ಹತ್ತು ವರ್ಷದ ಹುಡುಗ ನೋಡಿದ್ದು, ಹದಿನಾಲ್ಕರ ಹುಡುಗ ಕೇಳಿದ್ದು ಐವತ್ತು ವರ್ಷ ಆದಮೇಲೆ ಬೆರೆತುಹೋದರೆ ಅದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ.

ಇನ್ನು ಅರ್ಧ ಮನೆಯ ಲೆಕ್ಕ. ಇದನ್ನು ನೀವು ಹಾರ್ಮೋನಿಯಂ ಮೇಲೆ ಹಿಡಿದು ಬರೆದದ್ದು ನನ್ನ ಅರ್ಧ ಕೆಲಸ ಮುಗಿಸಿತು.

ಸಿನಿಮಾ ಫಿಲ್ಮು ಸೆಕೆಂಡಿಗೆ 24 ಫ್ರೇಮಿನಂತೆ ಓಡುತ್ತದೆ. ನಮ್ಮ ದೇಶದ ಹಳೇ ಟಿವಿ ಪದ್ಧತಿ ಪಾಲ್, ಅದರದು ಸೆಕೆಂಡಿಗೆ 25. ಫಿಲ್ಮನ್ನು ಟಿವಿಗೆ, ವಿಎಚ್ಎಸ್‌ಗೆ, ಆಮೇಲೆ ವಿಸಿಡಿಗೆ ಇಳಿಸುವಾಗ ಆ ಒಂದು ಫ್ರೇಮಿನ ತಲೆನೋವು ತಪ್ಪಿಸಿಕೊಳ್ಳಲು ಸುಲಭದ ದಾರಿ ಇತ್ತು: ಫಿಲ್ಮನ್ನೇ 25ರಲ್ಲಿ ಓಡಿಸಿಬಿಡುವುದು. ಚಿತ್ರ ನೋಡುವವರಿಗೆ ಗೊತ್ತೇ ಆಗುವುದಿಲ್ಲ. ಆದರೆ ಎಲ್ಲವೂ ಶೇಕಡಾ 4ರಷ್ಟು ವೇಗವಾಗುತ್ತದೆ, 150 ನಿಮಿಷದ ಚಿತ್ರ 144 ನಿಮಿಷಕ್ಕೆ ಮುಗಿಯುತ್ತದೆ, ಶ್ರುತಿ ಅರ್ಧ ಮನೆಗೆ ತುಸು ಕಡಿಮೆ ಏರುತ್ತದೆ. ಲೆಕ್ಕ ಹಾಕಿ ಹೇಳುವುದಾದರೆ ಎರಡು ಪಕ್ಕದ ಸ್ವರಸ್ಥಾನಗಳ ನಡುವಿನ ಅಂತರದಲ್ಲಿ ಹತ್ತರಲ್ಲಿ ಏಳು ಪಾಲು. ನೀವು ಹೇಳಿದ್ದೂ ಅಷ್ಟೇ. ಈಗ ಮೊಬೈಲಿನಲ್ಲಿ ಸಿಗುವ ಹಳೇ ಕನ್ನಡ ಚಿತ್ರಗಳಲ್ಲಿ ಎಷ್ಟೋ ಆ ಕಾಲದ ಟಿವಿ, ವಿಸಿಡಿ ಪ್ರತಿಗಳ ಮೊಮ್ಮಕ್ಕಳು. ಸಂಗೀತ ಬದಲಾಗಿಲ್ಲ, ಓಟ ಬದಲಾಗಿದೆ.

ಅನುಮಾನವಿದ್ದರೆ ಇನ್ನೊಂದು ಪರೀಕ್ಷೆ ಮಾಡಿ. ಚಿತ್ರದ ಆರಂಭದಲ್ಲಿ ಸೆನ್ಸಾರ್ ಸರ್ಟಿಫಿಕೇಟ್ ಬಂದರೆ ಅಲ್ಲೇ ನಿಲ್ಲಿಸಿ, ಉದ್ದ ಎಷ್ಟು ಮೀಟರ್ ಎಂದು ಓದಿಕೊಳ್ಳಿ. 35 ಎಂಎಂ ಫಿಲ್ಮು ಸರಿಯಾದ ವೇಗದಲ್ಲಿ ನಿಮಿಷಕ್ಕೆ 27.4 ಮೀಟರ್ ಓಡುತ್ತದೆ. ಉದಾಹರಣೆಗೆ 4,110 ಮೀಟರ್ ಎಂದಿದ್ದರೆ ಭಾಗಿಸಿದಾಗ 150 ನಿಮಿಷ ಬರಬೇಕು. ಮೊಬೈಲ್ 144 ತೋರಿಸುತ್ತಿದ್ದರೆ ಕಾರಣ ಸಿಕ್ಕಿತು. ಇನ್ನೂ ಬಹಳ ಕಡಿಮೆ ತೋರಿಸುತ್ತಿದ್ದರೆ ಯಾರೋ ಕತ್ತರಿಯನ್ನೂ ಆಡಿಸಿದ್ದಾರೆ. ಗಣಿತದ ಮೇಷ್ಟ್ರಾಗಿದ್ದರೆ ನಿಮಗೆ ಇದು ಖುಷಿ ಕೊಡುತ್ತದೆ, ಕನ್ನಡ ಮೇಷ್ಟ್ರಾಗಿದ್ದರೆ ಕ್ಷಮಿಸಿ.

ಸರಿ ಮಾಡುವುದು ಹೇಗೆ? ಮೊಬೈಲಿನ ಪ್ಲೇಯರಿನಲ್ಲಿ ‘ಸ್ಪೀಡ್’ ಇಳಿಸಿದರೆ ಸಾಲದು. ಅವು ವೇಗ ಇಳಿಸಿ ಶ್ರುತಿಯನ್ನು ಇದ್ದಲ್ಲೇ ಹಿಡಿದಿಡುತ್ತವೆ. ಸಂಗೀತ ನಿಧಾನ ಆಗುತ್ತದೆ, ಕೀರಲು ಹೋಗುವುದಿಲ್ಲ. ಆಡಾಸಿಟಿ ಅನ್ನುವ ಉಚಿತ ಸಾಫ್ಟ್‌ವೇರ್ ಇದೆ, ಮೊಮ್ಮಗನಿಗೆ ಹೇಳಿ. ಅದರಲ್ಲಿ ‘ಟೆಂಪೋ’ ಬೇರೆ, ‘ಸ್ಪೀಡ್’ ಬೇರೆ. ಸ್ಪೀಡನ್ನು 0.96ಕ್ಕೆ ಇಳಿಸಿದರೆ ವೇಗ, ಶ್ರುತಿ ಎರಡೂ ಒಟ್ಟಿಗೆ ಇಳಿಯುತ್ತವೆ. ಈ ಒಂದೇ ಕೆಲಸಕ್ಕೆ ನಿಮ್ಮ ದೂರಿನಲ್ಲಿ ಮುಕ್ಕಾಲು ಪಾಲು ಕರಗಿದರೆ ನನಗೇನೂ ಆಶ್ಚರ್ಯವಿಲ್ಲ.

‘ರೀರೆಕಾರ್ಡಿಂಗ್’ ವಿಷಯದಲ್ಲಿ ಆ ಪದವೇ ನಿಮ್ಮನ್ನು ದಾರಿ ತಪ್ಪಿಸಿದೆ. ಮದ್ರಾಸಿನ ಸ್ಟುಡಿಯೋ ಭಾಷೆಯಲ್ಲಿ ರೀರೆಕಾರ್ಡಿಂಗ್ ಅಂದರೆ ಹಿನ್ನೆಲೆ ಸಂಗೀತ, ನಾವು ‘ಆರ್.ಆರ್.’ ಅನ್ನುತ್ತಿದ್ದೆವು. ನಾನು ಅಲ್ಲಿ ಕೇಬಲ್ ಸುತ್ತುವ ಹುಡುಗನಾಗಿ ಸೇರಿದಾಗಲೂ ಹಳಬರು ಹಾಗೆಯೇ ಕೆಲಸ ಮಾಡುತ್ತಿದ್ದರು. ಎಡಿಟಿಂಗ್ ಮುಗಿದ ರೀಲನ್ನು ಪರದೆಯ ಮೇಲೆ ಓಡಿಸುತ್ತಾರೆ. ಸಂಗೀತ ನಿರ್ದೇಶಕರು ನೋಡುತ್ತಾ, ಬಾಗಿಲು ತೆರೆಯುವಲ್ಲಿ ಇಷ್ಟು, ಕಾರು ತಿರುಗುವಲ್ಲಿ ಇಷ್ಟು ಎಂದು ಗುರುತು ಹಾಕಿಕೊಳ್ಳುತ್ತಾರೆ. ನೊಟೇಶನ್ ಬರೆದು ಹಂಚುತ್ತಾರೆ. ಮತ್ತೆ ಅದೇ ರೀಲು ಓಡುತ್ತಿರುವಾಗ, ಪರದೆ ನೋಡಿಕೊಂಡು ಕೈ ಎತ್ತಿದರೆ ಹಿತ್ತಾಳೆ ವಾದ್ಯದವರು, ಬಾಂಗೋದವರು, ಗಿಟಾರಿನವರು ಎಲ್ಲರೂ ಒಟ್ಟಿಗೆ ನುಡಿಸಬೇಕು. ಬಾಗಿಲು ತೆರೆದು ಅರ್ಧ ಸೆಕೆಂಡಾದ ಮೇಲೆ ಟ್ರಂಪೆಟ್ ಬಂದರೆ ರೀಲು ಹಿಂದಕ್ಕೆ, ಮತ್ತೊಮ್ಮೆ ಎಲ್ಲರೂ. ಹಾಡಾದರೆ ರೆಕಾರ್ಡಾಗಿ ಅಂಗಡಿಗೆ ಹೋಗುತ್ತಿತ್ತು. ಈ ಆರ್.ಆರ್. ಎಲ್ಲಿಗೂ ಹೋಗುತ್ತಿರಲಿಲ್ಲ. ಮಾತು, ಸದ್ದು, ಸಂಗೀತ ಮೂರನ್ನೂ ಕಲಸಿ ಒಂದೇ ಟ್ರ್ಯಾಕ್ ಮಾಡಿ ಫಿಲ್ಮಿನ ಅಂಚಿಗೆ ಇಳಿಸಿದರೆ ಮುಗಿಯಿತು. ಸಂಗೀತ ಮಾತ್ರ ಇದ್ದ ಮ್ಯಾಗ್ನೆಟಿಕ್ ಫಿಲ್ಮು ದುಬಾರಿ ಸಾಮಾನು. ಅಳಿಸಿ ಮುಂದಿನ ಚಿತ್ರಕ್ಕೆ ಬಳಸುತ್ತಿದ್ದರು. ಹೀಗಾಗಿ ನಿಮ್ಮ ಅಂಗಡಿಯವರು ಹೇಳುವ ‘ಒರಿಜಿನಲ್ ಬಿಜಿಎಂ’ ಅನ್ನುವ ಪ್ರತ್ಯೇಕ ವಸ್ತುವನ್ನು ಹುಡುಕಿ ಹೊರಟರೆ ಆ ಕಾಲದ ಹೆಚ್ಚಿನ ಚಿತ್ರಗಳಿಗೆ ಕೈಗೆ ಸಿಗುವುದು ಗಾಳಿ.

ಟೈಟಲ್ ಮ್ಯೂಸಿಕ್ ಮೊಟಕಾಗಿರುವುದಕ್ಕೂ ಫಿಲ್ಮಿನ ಅಂಚೇ ಕಾರಣ. ಒಂದು ಪ್ರಿಂಟ್ ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದರೆ, ಚಿತ್ರದ ಪಕ್ಕದಲ್ಲೇ ಎರಡೂವರೆ ಮಿಲಿಮೀಟರಿನಷ್ಟು ಅಗಲದ ಒಂದು ಪಟ್ಟಿ ಕಾಣುತ್ತದೆ, ಅಂಚೆಲ್ಲ ಗರಗಸದ ಹಲ್ಲಿನಂತೆ ಏರಿಳಿಯುವ ಗೆರೆ. ಅದೇ ಧ್ವನಿ. ಪ್ರೊಜೆಕ್ಟರಿನ ಸಣ್ಣ ದೀಪದ ಬೆಳಕು ಒಂದು ಸೀಳಿನ ಮೂಲಕ ಅದನ್ನು ಹಾಯ್ದು ಫೋಟೋಸೆಲ್ ಮೇಲೆ ಬೀಳುತ್ತದೆ, ಬೆಳಕು ಕುಣಿದ ಹಾಗೆ ಸ್ಪೀಕರ್ ಕುಣಿಯುತ್ತದೆ. ಆ ಪಟ್ಟಿಯ ಮೇಲೆ ಒಂದು ಗೀರು ಬಿದ್ದರೆ ‘ಟಪ್’, ಧೂಳು ಕೂತರೆ ‘ಸರಸರ’. ರೀಲಿನ ಎಲ್ಲಕ್ಕಿಂತ ಹೆಚ್ಚು ಪೆಟ್ಟು ತಿನ್ನುವ ಜಾಗ ಅದರ ತಲೆ ಮತ್ತು ಬಾಲ. ಆಪರೇಟರ್ ಬೆರಳು ತಾಗುವುದು ಅಲ್ಲಿ, ನೆಲಕ್ಕೆ ಉಜ್ಜುವುದು ಅಲ್ಲಿ, ಪ್ರೊಜೆಕ್ಟರಿನ ಹಲ್ಲಿಗೆ ಸಿಕ್ಕಿಸುವಾಗ ಹರಿಯುವುದೂ ಅಲ್ಲೇ. ಹರಿದರೆ ನಾಲ್ಕು ಫ್ರೇಮ್ ಕತ್ತರಿಸಿ ಫಿಲ್ಮ್ ಸಿಮೆಂಟ್ ಅನ್ನುವ ಅಂಟು ಹಾಕಿ ಅಂಟಿಸುತ್ತಾರೆ. 24 ಫ್ರೇಮಿಗೆ ಒಂದು ಸೆಕೆಂಡು. ಊರೂರು ಅಲೆದು ಬಂದ ಪ್ರಿಂಟು ಹೀಗೆ ಎಷ್ಟು ಸೆಕೆಂಡು ಕಳೆದುಕೊಂಡಿರುತ್ತದೆ, ನೀವೇ ಲೆಕ್ಕ ಹಾಕಿ. ಮೊದಲ ರೀಲಿನ ತಲೆಯಲ್ಲಿ ಏನಿರುತ್ತದೆ? ಟೈಟಲ್ ಮ್ಯೂಸಿಕ್. ಪತ್ತೇದಾರಿ ಚಿತ್ರದ ಸಂಗೀತ ನಿರ್ದೇಶಕ ತನ್ನ ಬತ್ತಳಿಕೆಯ ಬಾಣಗಳನ್ನೆಲ್ಲ ಬಿಡುವ ಜಾಗವೇ ಮೊದಲು ಸವೆಯುವ ಜಾಗ. ಈ ಒಂದು ಅನ್ಯಾಯಕ್ಕೆ ನನಗೆ ಇವತ್ತಿಗೂ ಬೇಜಾರಿದೆ.

ಜೊತೆಗೆ ಇನ್ನೊಂದು ಮಾತು, ನಿಮಗೆ ಇಷ್ಟವಾಗದಿರಬಹುದು. ಟೆಂಟಿನಲ್ಲಿ ನೀವು ಕೇಳಿದ್ದು ಬರೀ ಸಿನಿಮಾವನ್ನಲ್ಲ. ಶೋ ಶುರುವಾಗುವ ಮೊದಲು ‘ನಮೋ ವೆಂಕಟೇಶಾ’ ಕೂಗಿದ ಗಂಟೆ ಆಕಾರದ ಲೌಡ್‌ಸ್ಪೀಕರಿನಂಥದ್ದರಲ್ಲಿ ಕೆಳಗಿನ ಸ್ವರ ಬರುವುದಿಲ್ಲ, ತೀರಾ ಮೇಲಿನದೂ ಬರುವುದಿಲ್ಲ, ನಡುವಿನದು ಮಾತ್ರ ಎದೆಗೆ ಗುದ್ದುತ್ತದೆ. ಟ್ರಂಪೆಟ್, ಸ್ಯಾಕ್ಸೊಫೋನ್, ಗಿಟಾರಿನ ತಂತಿ ಎಲ್ಲ ಕೂತಿರುವುದು ಆ ನಡುವಿನಲ್ಲೇ. ಮೊಬೈಲಿನ ಕಾಳಿನಷ್ಟು ಸ್ಪೀಕರಿನಲ್ಲಿ ಗುದ್ದು ಎಲ್ಲಿಂದ ಬರಬೇಕು? ಬಹಳಷ್ಟು ಟೆಂಟುಗಳಲ್ಲಿ ಇದ್ದದ್ದು ಒಂದೇ ಪ್ರೊಜೆಕ್ಟರ್, ರೀಲು ಬದಲಾಯಿಸುವಾಗ ಬಿಡುವು, ಆ ಬಿಡುವಿನಲ್ಲಿ ರೆಕಾರ್ಡು. ನಿಮ್ಮ ನೆನಪಿನ ‘ಉದ್ದದ’ ಟೈಟಲ್ ಮ್ಯೂಸಿಕ್ಕಿನಲ್ಲಿ ಒಂದಷ್ಟು ಭಾಗ ಆ ರೆಕಾರ್ಡಿನದೂ ಇರಬಹುದು. ಅಕ್ಕನನ್ನು ಕೇಳಿ, ಅವರು ದೊಡ್ಡವರು, ಅವರ ನೆನಪು ಬೇರೆ ಥರ ಇದ್ದರೂ ಇದ್ದೀತು.

ಈಗ ನಿಮ್ಮ ಪ ದ ದ ದ. ಪತ್ರ ಓದುತ್ತಾ ಇಲ್ಲಿಗೆ ಬಂದಾಗ ನಕ್ಕುಬಿಟ್ಟೆ, ಯಾಕೆಂದರೆ ಈ ನಾಲ್ಕು ಸ್ವರಕ್ಕೆ ಪಾಸ್‌ಪೋರ್ಟ್ ಇದೆ. ಪಂಚಮ, ಶುದ್ಧ ಧೈವತ, ಚತುಶ್ರುತಿ ಧೈವತ, ಮತ್ತೆ ಶುದ್ಧ ಧೈವತ. 1962ರ ‘ಡಾಕ್ಟರ್ ನೋ’ ಚಿತ್ರದ ಜೇಮ್ಸ್ ಬಾಂಡ್ ಥೀಮಿನ ಕೆಳಗೆ ಹಾವಿನಂತೆ ಹರಿದಾಡುವ ನಡೆ ಇದೇ. ರಚನೆ ಮಾಂಟಿ ನಾರ್ಮನ್ ಅವರದು, ವಾದ್ಯಗಳಿಗೆ ಜೋಡಿಸಿದವರು ಜಾನ್ ಬ್ಯಾರಿ, ಮೇಲಿನ ಆ ಖಣಖಣ ಗಿಟಾರ್ ವಿಕ್ ಫ್ಲಿಕ್ ಅವರದು. ಅಲ್ಲಿಂದಾಚೆಗೆ ಜಗತ್ತಿನಲ್ಲಿ ಎಲ್ಲಿ ಗೂಢಚಾರ ಕೋಟಿನ ಕಾಲರ್ ಎತ್ತಿದರೂ ಅಲ್ಲೊಂದು ಇಂಥ ನಡೆ ನುಸುಳಿತು.

ಇದರಲ್ಲಿ ಮಜಾ ಏನೆಂದರೆ, ನಮ್ಮ ಕರ್ನಾಟಕ ಸಂಗೀತದ ಕಣ್ಣಿನಲ್ಲಿ ನೋಡಿದರೆ ಎರಡು ಧೈವತ ಬೆನ್ನಿಗೆ ಬೆನ್ನು ಹಚ್ಚಿ ಬರುವಂತಿಲ್ಲ. ಶಾಸ್ತ್ರ ಬಿಡದೆ ಬರೆಯಬೇಕೆಂದರೆ ಮೇಲಿನದನ್ನು ಶುದ್ಧ ನಿಷಾದ ಎಂದು ಕರೆಯಬೇಕು, ಆಗ ಅದು ವಿವಾದಿಯ, ಅಂದರೆ ಪಕ್ಕದ ಸ್ವರದ ಜೊತೆ ಜಗಳವಾಡುವ ಸ್ವರದ, ದಾರಿ ಹಿಡಿಯುತ್ತದೆ. ಕಿವಿಗೆ ಏನೋ ಸರಿಯಿಲ್ಲ, ಯಾರೋ ಹಿಂದೆ ಬರುತ್ತಿದ್ದಾರೆ ಅನ್ನಿಸುವುದು ಅದಕ್ಕೇ. ಆ ಥೀಮಿನ ಕೊನೆಯ ಗಿಟಾರ್ ಮೀಟು ಇನ್ನೂ ಚೆಂದ. ಹಾರ್ಮೋನಿಯಂನಲ್ಲಿ ಒಟ್ಟಿಗೆ ಒತ್ತಿ: ಷಡ್ಜ, ಸಾಧಾರಣ ಗಾಂಧಾರ, ಪಂಚಮ, ಕಾಕಲಿ ನಿಷಾದ, ಮೇಲಿನ ಚತುಶ್ರುತಿ ರಿಷಭ. ಸಿಗರೇಟಿನ ಹೊಗೆ ಕಾಣುತ್ತದೆಯೋ ಇಲ್ಲವೋ ನೋಡಿ. ಈ ಐದೂ ಕೀರವಾಣಿ ರಾಗದಲ್ಲಿವೆ, ಗೌರಿಮನೋಹರಿ ರಾಗದಲ್ಲೂ ಇವೆ. ಎರಡಕ್ಕೂ ಇರುವ ವ್ಯತ್ಯಾಸ ಧೈವತದ್ದು ಮಾತ್ರ, ಕೆಳಗಿನ ನಡೆ ತೂಗಾಡುವುದೂ ಆ ಎರಡು ಧೈವತಗಳ ನಡುವೆಯೇ. ಜಿ.ಕೆ. ವೆಂಕಟೇಶ್ ಮೂಲತಃ ವೀಣೆಯವರು. ‘ಸನಾದಿ ಅಪ್ಪಣ್ಣ’ಕ್ಕೆ ಬಿಸ್ಮಿಲ್ಲಾ ಖಾನರ ಶಹನಾಯಿ ಬಳಸಿದವರು, ಇಳಯರಾಜಾ ಸ್ವತಂತ್ರರಾಗುವ ಮೊದಲು ಸಹಾಯಕರಾಗಿ ದುಡಿದದ್ದು ಇವರ ಹತ್ತಿರ. ಅಂಥ ಕಿವಿಗೆ ಬಾಂಡ್ ಸಂಗೀತದ ಗುಟ್ಟು ಬಿಡಿಸಿಕೊಳ್ಳುವುದು ಎಷ್ಟು ಹೊತ್ತಿನ ಕೆಲಸ?

ಹಾಗಂತ ನಿಮ್ಮ ನೆನಪಿನ ಟ್ಯೂನು ‘ಜೇಡರ ಬಲೆ’ಯಿಂದಲೇ ಬಂತು ಎಂದು ನಾನು ಸಹಿ ಹಾಕಲಾರೆ. ವಿದೇಶಿ ಎಲ್‌ಪಿಯಿಂದ ತುಣುಕು ಎತ್ತಿ ಹೊಡೆದಾಟಕ್ಕೋ ಹಿಂಬಾಲಿಸುವ ದೃಶ್ಯಕ್ಕೋ ಅಂಟಿಸುವ ರೂಢಿ ಆಗ ನಮ್ಮ ದೇಶದ ಹಲವು ಚಿತ್ರರಂಗಗಳಲ್ಲಿತ್ತು. ನೀವು ಬೇರಾವುದೋ ಚಿತ್ರದಲ್ಲಿ, ರೇಡಿಯೋದಲ್ಲಿ ಕೇಳಿ ಇದಕ್ಕೆ ಅಂಟಿಸಿಕೊಂಡಿರಬಹುದು. ಮೊದಲು ಓಟವನ್ನು 0.96ಕ್ಕೆ ಇಳಿಸಿ, ಹೆಡ್‌ಫೋನ್ ಹಾಕಿಕೊಂಡು, ಮೇಲಿನ ಟ್ರಂಪೆಟ್ ಬಿಟ್ಟು ಕೆಳಗಿನ ಸ್ವರದ ನಡೆಯನ್ನೇ ಹಿಂಬಾಲಿಸಿ ಒಮ್ಮೆ ಕೇಳಿ. ಸಿಕ್ಕರೆ ನನಗೂ ಎಷ್ಟನೇ ನಿಮಿಷ ಎಂದು ಬರೆಯಿರಿ.

ಎಐ ವಿಷಯಕ್ಕೆ ಬರುತ್ತೇನೆ. ಅದು ಮೋಸ ಎಂದು ನಾನು ಹೇಳುವುದಿಲ್ಲ, ನಾನೇ ದಿನಾ ಬಳಸುತ್ತೇನೆ. ಕಲಸಿಹೋದ ಧ್ವನಿಯಿಂದ ಮಾತು ಒಂದು ಕಡೆ, ವಾದ್ಯ ಒಂದು ಕಡೆ ಎಳೆದು ತೆಗೆಯುವುದು ಈಗ ಸಾಧ್ಯ. ಬೀಟಲ್ಸ್ ತಂಡದ ಹಳೇ ಮೋನೋ (ಎಲ್ಲ ಸದ್ದೂ ಒಂದೇ ಟ್ರ್ಯಾಕಿನಲ್ಲಿರುವ) ಟೇಪುಗಳನ್ನು 2021ರ ಸಾಕ್ಷ್ಯಚಿತ್ರಕ್ಕಾಗಿ ಹೀಗೇ ಬಿಡಿಸಿದರು. ಆದರೆ ಈ ಯಂತ್ರಗಳು ಹೆಚ್ಚಾಗಿ ಪಾಠ ಕಲಿತದ್ದು ಶುದ್ಧವಾಗಿ ಧ್ವನಿಮುದ್ರಿಸಿದ ಪಾಶ್ಚಾತ್ಯ ಪಾಪ್ ಹಾಡುಗಳ ಮೇಲೆ. 1968ರ ಆಪ್ಟಿಕಲ್ ಟ್ರ್ಯಾಕಿನಲ್ಲಿ, ಅಂದರೆ ಫಿಲ್ಮಿನ ಅಂಚಿನ ಆ ಧ್ವನಿಪಟ್ಟಿಯಲ್ಲಿ, ಮೇಲಿನ ಸ್ವರಗಳು ಸುಮಾರು 8,000 ಹರ್ಟ್ಜ್ ಹೊತ್ತಿಗೇ ಸೋತುಹೋಗಿರುತ್ತವೆ, ಅದರ ಮೇಲೆ ಗೀರು, ಅದರ ಮೇಲೆ ವಿಸಿಡಿಯ ಹಿಂಡುವಿಕೆ. ಇಂಥದ್ದನ್ನು ಕೊಟ್ಟಾಗ ಪಿಟೀಲಿನ ಜಾರು ಹೆಂಗಸಿನ ಚೀರಾಟ ಅನ್ನಿಸಿ ಮಾತಿನ ಕಡೆ ಹೋಗುತ್ತದೆ. ಮ್ಯೂಟ್ ಹಾಕಿದ ಟ್ರಂಪೆಟ್ಟಿಗೂ ಅದೇ ಗತಿ. ಎಲ್ಲಕ್ಕಿಂತ ದುರಂತ ಸಿಂಬಲ್‌ನದು: ಕತ್ತಲಲ್ಲಿ ಪತ್ತೇದಾರ ನಡೆಯುವಾಗ ಬ್ರಷ್‌ನಲ್ಲಿ ‘ಚ್ಸ್... ಚ್ಸ್’ ಎಂದು ಸವರುತ್ತಾರಲ್ಲ, ಅದು ಫಿಲ್ಮಿನ ‘ಸರಸರ’ದಿಂದ ಯಂತ್ರಕ್ಕೆ ಬೇರೆಯಾಗಿ ಕಾಣುವುದೇ ಇಲ್ಲ. ಕಸ ಗುಡಿಸುವಾಗ ರಂಗೋಲಿಯೂ ಹೋಗುತ್ತದೆ. ಉಳಿದ ತೂತುಗಳನ್ನು ಕೆಲವು ಹೊಸ ಸಾಫ್ಟ್‌ವೇರ್‌ಗಳು ತಮ್ಮದೇ ಊಹೆಯಿಂದ ತುಂಬಿಸುತ್ತವೆ. ಕೇಳಲು ಹಿತವಾಗಿರಬಹುದು. ವೆಂಕಟೇಶರ ಮೇಳ ನುಡಿಸಿದ್ದು ಅದಲ್ಲ.

ಹೊಸದರಲ್ಲಿ ನಾನೇ ಒಂದು ಎಡವಟ್ಟು ಮಾಡಿದ್ದೇನೆ. ಒಬ್ಬರು ತಮ್ಮ ತಂದೆಯವರ ಹರಿಕಥೆಯ ಟೇಪು ತಂದುಕೊಟ್ಟಿದ್ದರು. ಹಿಸ್ ಶಬ್ದ ತೆಗೆಯುವ ಹುಮ್ಮಸ್ಸಿನಲ್ಲಿ ತಂಬೂರಿಯನ್ನೂ ಮುಕ್ಕಾಲು ತೆಗೆದುಬಿಟ್ಟೆ. ಮನೆಯವರಿಗೆ ಖುಷಿಯಾಯಿತು, ‘ಕ್ಲೀನ್’ ಆಗಿದೆ ಎಂದು ಮೂಲ ಟೇಪನ್ನು ಎಸೆದರು. ಹದಿನೈದು ವರ್ಷ ಕಳೆದು ಒಳ್ಳೇ ಸಾಧನ ಬಂದಾಗ ಅದಕ್ಕೆ ಕೊಡಲು ನನ್ನ ಹತ್ತಿರವೂ ಏನಿರಲಿಲ್ಲ, ಅವರ ಹತ್ತಿರವೂ ಇರಲಿಲ್ಲ. ಆವತ್ತಿನಿಂದ ನಮ್ಮಲ್ಲಿ ಒಂದೇ ಕಟ್ಟಳೆ: ಮೊದಲು ಇದ್ದದ್ದು ಇದ್ದ ಹಾಗೆ ಇಳಿಸು, ಅದನ್ನು ಎರಡು ಕಡೆ ಬಚ್ಚಿಡು, ಆಮೇಲೆ ಅದರ ನಕಲಿನ ಮೇಲೆ ಏನು ಬೇಕಾದರೂ ಆಡು.

ನಿಮ್ಮ ಕೈಯಲ್ಲಿರುವ ಎರಡು ವಸ್ತುಗಳಲ್ಲಿ ನೀವು ಇಪಿಯನ್ನು ದೊಡ್ಡದು ಮಾಡಿ, ಕ್ಯಾಸೆಟ್ಟನ್ನು ಕೆಮ್ಮು ಎಂದು ತಳ್ಳಿದ್ದೀರಿ. ನಾನು ಉಲ್ಟಾ ಹೇಳುತ್ತೇನೆ. ಇಪಿಯಲ್ಲಿರುವುದು ಹಾಡು, ಆ ಹಾಡು ಇನ್ನೂ ಹತ್ತು ಮನೆಯಲ್ಲಿರಬಹುದು. ಹಿನ್ನೆಲೆ ಸಂಗೀತ ಅದರಲ್ಲಿ ಒಂದು ಸೆಕೆಂಡೂ ಇರುವುದಿಲ್ಲ. ಕ್ಯಾಸೆಟ್ಟಿನಲ್ಲಿರುವುದು ಥಿಯೇಟರಿನ ಪ್ರೊಜೆಕ್ಟರ್ 24ರ ವೇಗದಲ್ಲಿ ಓಡಿಸಿದ ಪ್ರಿಂಟು, ದೊಡ್ಡ ಸ್ಪೀಕರಿನಿಂದ ಬಂದದ್ದು, ಬಹುಶಃ ಇವತ್ತಿನ ಪ್ರತಿಗಿಂತ ಕಡಿಮೆ ಸವೆದ ಮೊದಲ ರೀಲು. ನೀವು ಹುಡುಕುತ್ತಿರುವ ಟೈಟಲ್ ಮ್ಯೂಸಿಕ್ ಪೂರ್ತಿಯಾಗಿ ಉಳಿದಿದ್ದರೆ ಅಲ್ಲೇ ಉಳಿದಿರಬೇಕು. ಕಾನೂನು ಕೇಳಿದರೆ ಭಾವ ಮಾಡಿದ್ದು ತಪ್ಪು. ಅದೇ ಕಾನೂನಿನ ಪ್ರಕಾರ ಚಿತ್ರದ ಹಕ್ಕು ಬಿಡುಗಡೆಯ ಮರುವರ್ಷದಿಂದ 60 ವರ್ಷ, ಅಂದರೆ 2028ರ ಕೊನೆಯವರೆಗೆ ಇರುತ್ತದೆ. ಸಂಗೀತ ರಚನೆಯ ಹಕ್ಕಂತೂ ರಚಿಸಿದವರು ತೀರಿಕೊಂಡ ಮೇಲೂ 60 ವರ್ಷ. ಮನೆಯಲ್ಲಿ ಕೂತು ಕೇಳಿಕೊಳ್ಳಲು ಯಾರೂ ಅಡ್ಡ ಬರುವುದಿಲ್ಲ, ಇಂಟರ್ನೆಟ್ಟಿಗೆ ಮಾತ್ರ ಏರಿಸಬೇಡಿ.

ಕ್ಯಾಸೆಟ್ಟನ್ನು ಸಿಕ್ಕಿದ ಪ್ಲೇಯರಿಗೆ ಹಾಕಬೇಡಿ. ಮೊದಲು ಟೇಪಿನ ಕೆಳಗೆ, ನಡುವಿನಲ್ಲಿ, ಒಂದು ಪುಟ್ಟ ಸ್ಪಂಜಿನ ಚೂರು ಇದೆಯೇ ನೋಡಿ. ನಲವತ್ತು ವರ್ಷದಲ್ಲಿ ಅಂಟು ಬಿಟ್ಟು ಅದು ಉದುರಿಹೋಗಿರಬಹುದು. ಅದಿಲ್ಲದಿದ್ದರೆ ಟೇಪು ಹೆಡ್ಡಿಗೆ (ಪ್ಲೇಯರಿನಲ್ಲಿ ಧ್ವನಿ ಓದುವ ಭಾಗಕ್ಕೆ) ಒತ್ತುವುದಿಲ್ಲ, ‘ಹಾಳಾಗಿದೆ’ ಎಂದು ಎಸೆಯುವವರೇ ಹೆಚ್ಚು. ಬೇರೆ ಖಾಲಿ ಕ್ಯಾಸೆಟ್ಟಿನಿಂದ ಕಿತ್ತು ಹಾಕಬಹುದು. ಆಮೇಲೆ ಒಮ್ಮೆ ಪೂರ್ತಿ ಮುಂದಕ್ಕೆ, ಒಮ್ಮೆ ಹಿಂದಕ್ಕೆ ನಿಧಾನವಾಗಿ ಸುತ್ತಿಸಿ. ಒಳ್ಳೇ ಕ್ಯಾಸೆಟ್ ಡೆಕ್ ಇರುವ ಕಡೆ ಕಂಪ್ಯೂಟರಿಗೆ ಇಳಿಸಿ, ಪಕ್ಕದಲ್ಲೇ ಕೂತು. ಹೆಡ್ಡಿನ ಪಕ್ಕದ ಸಣ್ಣ ಸ್ಕ್ರೂ ತಿರುಗಿಸಿ ಕೋನ ಹೊಂದಿಸಲು ಹೇಳಿ. ಕೂದಲಿನಷ್ಟು ತಿರುಗಿದರೂ ಮಸುಕಾಗಿದ್ದ ಸಿಂಬಲ್ ದಿಢೀರನೆ ಮುಂದೆ ಬರುತ್ತದೆ. ವೇವ್ ಫೈಲ್ ಆಗಿ, 24 ಬಿಟ್, 96 ಕಿಲೋಹರ್ಟ್ಜ್‌ನಲ್ಲಿ ಕೇಳಿ ಪಡೆಯಿರಿ. ಎಂಪಿ3 ಅದರ ನಕಲು ಮಾತ್ರ.

ವೇಗದ ಬಗ್ಗೆ ಇಲ್ಲೂ ಒಂದು ಎಚ್ಚರಿಕೆ. ಭಾವನ ಟೇಪ್‌ರೆಕಾರ್ಡರಿನ ಸೆಲ್ ಸೋತಿದ್ದರೆ ಟೇಪು ನಿಧಾನವಾಗಿ ಓಡಿ, ಈಗ ಕೇಳುವಾಗ ಎಲ್ಲ ಕೀಚಲಾಗುತ್ತದೆ. ಹಿಡಿಯಲು ಉಪಾಯವಿದೆ. ಥಿಯೇಟರಿನ ಹಳೇ ಆಂಪ್ಲಿಫೈಯರುಗಳು ಸುಮ್ಮನೆ ‘ಹೂಂ’ ಎಂದು ಗುನುಗುತ್ತಿದ್ದವು, ಕರೆಂಟಿನ 50 ಹರ್ಟ್ಜ್. ಮಾತಿಲ್ಲದ ಜಾಗದ ಗ್ರಾಫ್ ತೆಗೆದರೆ ಆ ಗುನುಗು ಕಾಣುತ್ತದೆ. 50ರಲ್ಲೇ ಇದ್ದರೆ ಸರಿ, 52ರಲ್ಲಿ ಕಂಡರೆ ಟೇಪು ಶೇಕಡಾ 4 ಜೋರು, ಅಷ್ಟು ಇಳಿಸಿಕೊಳ್ಳಿ. ಆದರೆ ಆ ಗುನುಗು ಇಳಿಸುವ ಡೆಕ್ಕಿನದೇ ಅಲ್ಲ ಎಂದು ಮೊದಲು ಖಚಿತ ಮಾಡಿಕೊಳ್ಳಿ: ಟೇಪು ನಿಲ್ಲಿಸಿದಾಗಲೂ ಬರುತ್ತಿದ್ದರೆ ಅದು ಡೆಕ್ಕಿನದು.

ಇಪಿಗೆ ಇಷ್ಟು ರಂಪ ಬೇಡ. ಸೂಟ್‌ಕೇಸ್ ಆಕಾರದ ಅಗ್ಗದ ಪ್ಲೇಯರಿನಲ್ಲಿ ಹಾಕಬೇಡಿ, ಅವುಗಳ ಮುಳ್ಳು ಭಾರ, ಸುರುಳಿಯನ್ನು ಉಳುತ್ತದೆ. ಡಿಸ್ಟಿಲ್ಡ್ ವಾಟರಿನಲ್ಲಿ ಒದ್ದೆ ಮಾಡಿದ ಮೆತ್ತನೆ ಬಟ್ಟೆಯಿಂದ ಸುರುಳಿಯ ದಿಕ್ಕಿನಲ್ಲೇ ಒರೆಸಿ. ಮನೆಯಲ್ಲಿ 78ರ ಹಳೇ ದಪ್ಪ ರೆಕಾರ್ಡುಗಳಿದ್ದರೆ ಅವಕ್ಕೆ ಸ್ಪಿರಿಟ್ ಮುಟ್ಟಿಸಬೇಡಿ, ಅರಗು ಕರಗಿಹೋಗುತ್ತದೆ.

ಒಳ್ಳೇ ಪ್ರಿಂಟು ಎಲ್ಲಾದರೂ ಇದೆಯೇ ಅನ್ನುವ ಆಸೆ ನಿಮಗೆ ಬಂದೇ ಬರುತ್ತದೆ. ಪುಣೆಯಲ್ಲಿ 1964ರಲ್ಲಿ ಶುರುವಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯಕ್ಕೆ ಪತ್ರ ಬರೆದು ಕೇಳಬಹುದು. ಆದರೆ ಎಲ್ಲ ಚಿತ್ರಗಳೂ ಅಲ್ಲಿವೆ ಅನ್ನುವುದು ಭ್ರಮೆ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ವೇ ಉಳಿದಿಲ್ಲ. ಇದ್ದರೂ ಹಕ್ಕುದಾರರ ಒಪ್ಪಿಗೆ ಇಲ್ಲದೆ ನಿಮಗೆ ಪ್ರತಿ ಸಿಗುವುದಿಲ್ಲ. ‘ಘಟಶ್ರಾದ್ಧ’ವನ್ನು ಮತ್ತೆ ಕಣ್ಣು ಕೋರೈಸುವಂತೆ ಮಾಡಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು; ಪತ್ತೇದಾರಿ ಚಿತ್ರಗಳಿಗೆ ಅಂಥ ಯೋಗ ಯಾವಾಗಲೂ ಕೊನೆಗೇ. ಅಕ್ಕನ ಹುಟ್ಟುಹಬ್ಬಕ್ಕಂತೂ ಅದನ್ನು ನಂಬಿ ಕೂರಬೇಡಿ.

ಒಂದು ತಿಂಗಳಲ್ಲಿ ಆಗುವುದು ಇಷ್ಟು: ಕ್ಯಾಸೆಟ್ ಇಳಿಸಿ, ವೇಗ ಸರಿಪಡಿಸಿ, ಟೈಟಲ್ ಮ್ಯೂಸಿಕ್ ಬರುವ ಎರಡು ಮೂರು ನಿಮಿಷವನ್ನು ಬೇರೆ ಮಾಡಿಕೊಳ್ಳಿ. ಹಿಸ್ ಸ್ವಲ್ಪ ತಗ್ಗಿಸಬೇಕೆನಿಸಿದರೆ ನಕಲಿನ ಮೇಲೆ, ತೀರಾ ಕಡಿಮೆ. ಶಿಳ್ಳೆಗೆ ಕೈ ಹಚ್ಚಬೇಡಿ. ಮೊಬೈಲಿನಲ್ಲಿ ಕೇಳಿಸಬೇಡಿ, ಹಾಲಿನಲ್ಲಿ ದೊಡ್ಡದೊಂದು ಸ್ಪೀಕರ್ ಇಟ್ಟು, ಅಕ್ಕನಿಗೆ ಏನೆಂದು ಮೊದಲೇ ಹೇಳದೆ ಹಾಕಿ.

ಮತ್ತೆ, ಎರಡನೇ ಬದಿ ಖಾಲಿ ಅಂದಿದ್ದೀರಲ್ಲ, ಅದನ್ನೂ ಕೊನೆಯವರೆಗೆ ಓಡಿಸಿ ಇಳಿಸಿ. ಸಿನಿಮಾ ಎರಡೂವರೆ ಗಂಟೆಯದು, ಒಂದು ಬದಿ 45 ನಿಮಿಷ. ಇಂಟರ್ವಲ್ಲಿಗೆ ಕ್ಯಾಸೆಟ್ ತಿರುಗಿಸಿ ಹಾಕಿ, ಕತ್ತಲಲ್ಲಿ ಗುಂಡಿ ತಡವಾಗಿ ಒತ್ತಿದವರನ್ನು ನಾನು ಬಹಳ ನೋಡಿದ್ದೇನೆ.